ಒಳಹಾದಿ, ಹೊರಹಾದಿ

ಕಳೆದ ಡಿಸೆಂಬರಿನ ಒಂದು ಭಾನುವಾರ ಬೆಳಗ್ಗೆ ನಮ್ಮ ಕಾಲೇಜಿನ ವಿದ್ಯಾರ್ಥಿಯೊಬ್ಬನು ಯಾವುದೋ ಅರ್ಜಿಗೆ ರುಜು ಹಾಕಿಸಿಕೊಳ್ಳಲು ಕೊಪ್ಪದ ನಮ್ಮ ಬಾಡಿಗೆ ಮನೆಗೆ ಬಂದನು. ಬಾಗಿಲು ತೆರೆದೇ ಇತ್ತು. ಅವನು ಕಂಡ ದೃಶ್ಯವನ್ನು ಓದುಗರಿಂದ ಮುಚ್ಚಿಟ್ಟು ಪ್ರಯೋಜನವಿಲ್ಲ. ಸೋಮವಾರದ ಹೊತ್ತಿಗೆ ಅದು ಕಾಲೇಜಿನಲ್ಲೆಲ್ಲ ಹರಡಿಹೋಗಿತ್ತು. ಹಿಂದಿನ ದಿನ ತಾನೇ ಪಂಪನ ಕರ್ಣನನ್ನು ಕುರಿತು ಒಂದು ಗಂಟೆ ಗಂಭೀರವಾಗಿ ಪಾಠ ಹೇಳಿದ್ದ ಕನ್ನಡದ ಅಧ್ಯಾಪಕರು ನೆಲಕ್ಕೆ ಹೊಟ್ಟೆಯೂರಿ ಮಲಗಿ, ಕೆನ್ನೆಯನ್ನು ಗಾರೆಗೆ ಒತ್ತಿ, ಒಂದು ಕಣ್ಣು ಮುಚ್ಚಿಕೊಂಡು, ಗೇಣುದ್ದವೂ ಇಲ್ಲದ ಕೆಂಪು ಕಾರೊಂದರ ಹೊಟ್ಟೆಯನ್ನು ಪರೀಕ್ಷಿಸುತ್ತಿದ್ದರು.

“ಸರ್, ಏನಾದರೂ ಕಳೆದುಹೋಯಿತೇ? ನಾನೂ ಹುಡುಕಲೇ?” ಎಂದನು, ಪಾಪ.

“ಒಂದು ಸ್ಕ್ರೂ ಬಿದ್ದುಹೋಗಿದೆ” ಎಂದೆ. ಅವನು ನಕ್ಕನೋ ಇಲ್ಲವೋ, ಮಲಗಿದ್ದ ನನಗೆ ಕಾಣಲಿಲ್ಲ. ಆದರೆ ಆ ವಾಕ್ಯಕ್ಕೆ ಎರಡನೆಯ ಅರ್ಥವೂ ಉಂಟೆಂಬುದು ಹೇಳಿದ ಮೇಲೆ ನನಗೇ ಹೊಳೆಯಿತು.

ಈ ಆಟಕ್ಕೆ ಇಂಗ್ಲಿಷಿನಲ್ಲಿ ಸ್ಲಾಟ್ ಕಾರ್ ರೇಸಿಂಗ್ ಎಂದು ಹೆಸರು. ಎಂ.ಎ. ಮಾಡಿದವನಿಗೆ ಇದಕ್ಕೊಂದು ಕನ್ನಡ ಮಾತು ಹುಡುಕದೆ ನಿದ್ದೆ ಬರುವುದುಂಟೆ? ಸೀಳು ಎಂದರೆ ಸೌದೆಯ ನೆನಪಾಗುತ್ತದೆ. ಬಿರುಕು ಎಂದರೆ ಗೋಡೆಯದು. ಕಂಡಿ ಎಂದರೆ ಅದರಲ್ಲಿ ಬೆಕ್ಕು ತೂರಬೇಕು. ಕೊನೆಗೆ ಎತ್ತಿನ ಗಾಡಿಯ ಚಕ್ರ ಕೊರೆದ ಜಾಡೇ ನೆನಪಾಗಿ ‘ಜಾಡುಬಂಡಿ’ ಎಂದು ನಾಮಕರಣ ಮಾಡಿ ಸಮಾಧಾನಪಟ್ಟುಕೊಂಡೆ. ಮಗಳು ಅದನ್ನು ‘ಕಾರಾಟ’ ಎನ್ನುತ್ತಾಳೆ. ನನ್ನ ಪದಕ್ಕಿಂತ ಅದೇ ಬಾಳುವಂತೆ ತೋರುತ್ತದೆ.

ಅದರ ರಚನೆ ಬಹು ಸರಳ. ಪ್ಲಾಸ್ಟಿಕ್ಕಿನ ಹಾದಿಯ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸಿ ವರ್ತುಲ ಮಾಡುತ್ತಾರೆ. ಹಾದಿಯಲ್ಲಿ ಎರಡು ಜಾಡು. ಒಂದೊಂದು ಜಾಡಿನ ಎರಡೂ ಬದಿಗೆ ಉಕ್ಕಿನ ತೆಳುಪಟ್ಟಿಗಳು. ಮನೆಯ ವಿದ್ಯುತ್ತನ್ನು ಟ್ರಾನ್ಸ್‌ಫಾರ್ಮರೊಂದು ಹನ್ನೆರಡು ವೋಲ್ಟಿನ ಆಸುಪಾಸಿಗೆ ಇಳಿಸಿ ಈ ಪಟ್ಟಿಗಳಿಗೆ ಹರಿಸುತ್ತದೆ. ಕಾರಿನ ಮೂತಿಯ ಅಡಿಯಲ್ಲಿ ಒಂದು ನಾಲಗೆ. ಅದು ಜಾಡಿನೊಳಗೆ ಇಳಿದು ಕಾರನ್ನು ದಾರಿಯ ಮೇಲಿಡುತ್ತದೆ. ನಾಲಗೆಯ ಅಕ್ಕಪಕ್ಕದಲ್ಲಿ ತಾಮ್ರದ ಎಳೆಗಳಿಂದ ಹೆಣೆದ ಎರಡು ಜಡೆಗಳು ಪಟ್ಟಿಗೆ ತಾಗುತ್ತ ವಿದ್ಯುತ್ತನ್ನು ಹೊಟ್ಟೆಯೊಳಗಿನ ಪುಟ್ಟ ಮೋಟಾರಿಗೆ ಒಯ್ಯುತ್ತವೆ. ಆಡುವವನ ಕೈಯಲ್ಲಿ ಕುದುರೆಯಂಥ ಒಂದು ಗುಂಡಿ. ಒತ್ತಿದಷ್ಟೂ ವೇಗ. ಚುಕ್ಕಾಣಿಯಿಲ್ಲ, ತಡೆಯಿಲ್ಲ, ಹಾದಿ ಬದಲಿಸುವ ಸ್ವಾತಂತ್ರ್ಯವೂ ಇಲ್ಲ. ಹಾಗಾದರೆ ಇದರಲ್ಲಿ ಜಾಣತನವೇನು ಬಂತು ಎನ್ನುವಿರೋ? ನೇರದಾರಿಯಲ್ಲಿ ಯಾರಾದರೂ ಒತ್ತಬಹುದು. ತಿರುವು ಬರುವ ಮೊದಲೇ ಬೆರಳನ್ನು ಎಷ್ಟು ಸಡಿಲಿಸಬೇಕೆಂಬುದರಲ್ಲಿದೆ ಇಡೀ ವಿದ್ಯೆ. ಅರೆಕ್ಷಣ ತಡವಾದರೆ ಕಾರು ಜಾಡು ಬಿಟ್ಟು ಹಾರಿ ಮಂಚದ ಅಡಿಗೆ ಸೇರುತ್ತದೆ.

ನಮ್ಮ ಮನೆಗೆ ಈ ಆಟ ಬಂದದ್ದು 1999ರಲ್ಲಿ. ಊರು ಶೃಂಗೇರಿಯ ಬಳಿ. ತೋಟದ ನಡುವೆ ಒಂಟಿ ಮನೆ. ಇಂಗ್ಲೆಂಡಿಗೆ ಹೋಗಿಬಂದಿದ್ದ ಸೋದರಮಾವ ಆ ಪೆಟ್ಟಿಗೆಯನ್ನು ಜಗುಲಿಯ ಮೇಲಿಟ್ಟು, “ಇಬ್ಬರಿಗೂ ಸೇರಿ ಒಂದೇ, ಜಗಳ ಆಡಬಾರದು” ಎಂದರು. ಇಬ್ಬರು ಹುಡುಗರಿಗೆ ಒಂದೇ ಪಂದ್ಯದ ಆಟವನ್ನು ತಂದುಕೊಟ್ಟು ಜಗಳ ಬೇಡವೆಂದ ಆ ಪುಣ್ಯಾತ್ಮರ ಮುಗ್ಧತೆಗೆ ಏನೆನ್ನೋಣ! ಅಣ್ಣನಿಗೆ ಆಗ ಹದಿಮೂರು, ನನಗೆ ಹನ್ನೊಂದು. ಅಲ್ಲಿಯವರೆಗೆ ನಮಗೆ ಗೊತ್ತಿದ್ದ ವಾಹನಕ್ರೀಡೆಯೆಂದರೆ ಅಡಿಕೆ ಹಾಳೆ: ಒಬ್ಬನು ಹಾಳೆಯ ಮೇಲೆ ಕುಳಿತುಕೊಳ್ಳುವುದು, ಇನ್ನೊಬ್ಬನು ಅದರ ಸೋಗೆ ಹಿಡಿದು ಅಂಗಳದ ತುಂಬ ಎಳೆಯುವುದು. ಎಳೆಯುವವನು ಸಾಮಾನ್ಯವಾಗಿ ನಾನೇ.

ಕೆಂಪು ಕಾರು ನನ್ನದು, ಹಸುರು ಅಣ್ಣನದು. ಕೆಂಪಿನ ನೆತ್ತಿಯ ಮೇಲೆ ‘ಸಹಕಾರ’ ಎಂದು ಚೀಟಿ ಅಂಟಿಸಿದ್ದೆ. ಕಾರ್ಮಿಕರೇ ಸೇರಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಸಹಕಾರ ಸಾರಿಗೆಯ ಬಸ್ಸುಗಳೇ ನಮ್ಮ ಕಣ್ಣಿಗೆ ಜಗತ್ತಿನ ಅತಿ ವೇಗದ ವಾಹನಗಳಾಗಿದ್ದ ಕಾಲ ಅದು. 2020ರಲ್ಲಿ ಆ ಬಸ್ಸುಗಳು ನಿಂತುಹೋದವು. ಚೀಟಿ ಮಾತ್ರ ಇನ್ನೂ ಅಂಟಿಕೊಂಡಿದೆ.

ಆಡುತ್ತಿದ್ದದ್ದು ಮಳೆಗಾಲದಲ್ಲಿ. ಆಷಾಢದ ಮಳೆ ಹಿಡಿದರೆ ಶಾಲೆಗೆ ರಜೆ, ಹೊರಗೆ ಕಾಲಿಡುವಂತಿಲ್ಲ. ಇಂಗ್ಲೆಂಡಿನವರಿಗೆ ಚಳಿಗಾಲ ಹೇಗೋ ನಮಗೆ ಮಳೆಗಾಲ ಹಾಗೆ ಎಂದು ಮಾವನೂ ಹೇಳಿದ್ದರು. ಆದರೆ ಮಲೆನಾಡಿನ ಮಳೆಗಾಲದ ವಿದ್ಯುತ್ತಿನ ಮರ್ಜಿ ಮಾವನಿಗೆ ಮರೆತುಹೋಗಿತ್ತೆಂದು ಕಾಣುತ್ತದೆ. ಸಂಜೆ ಏಳಕ್ಕೆ ಎಲ್ಲರ ಮನೆಯ ದೀಪ ಹೊತ್ತಿದೊಡನೆ ವೋಲ್ಟೇಜು ಕುಸಿದು ನಮ್ಮ ರೇಸಿನ ಕಾರುಗಳು ತುಂಬು ಬಸುರಿಯರಂತೆ ನಡೆಯುತ್ತಿದ್ದವು. ಗಾಳಿಗೆ ಎಲ್ಲೋ ಮರ ಬಿದ್ದರೆ ಮೂರು ದಿನ ಪಂದ್ಯವೇ ಇಲ್ಲ.

ಜಗಳ ಒಂದೇ ವಿಷಯಕ್ಕೆ. ಹಾದಿಯನ್ನು ಮೊಟ್ಟೆಯಾಕಾರಕ್ಕೆ ಜೋಡಿಸಿದರೆ ಒಳಜಾಡು ಗಿಡ್ಡ, ಹೊರಜಾಡು ಉದ್ದ. ಅಣ್ಣನು ಹಿರಿತನದ ಹಕ್ಕಿನಿಂದ ಯಾವಾಗಲೂ ಒಳಜಾಡನ್ನೇ ಹಿಡಿಯುತ್ತಿದ್ದನು. ನಾನು ಹೂ ಕಟ್ಟುವ ದಾರದಿಂದ ಎರಡನ್ನೂ ಅಳೆದು, ಸುತ್ತೊಂದಕ್ಕೆ ಅರ್ಧ ಮೀಟರಿನಷ್ಟು ಅನ್ಯಾಯವಾಗುತ್ತಿದೆಯೆಂದು ಅಪ್ಪಯ್ಯನ ಮುಂದೆ ದೂರು ಒಯ್ದೆ. ವರ್ತುಲವನ್ನು ದೊಡ್ಡದು ಮಾಡಿದರೆ ಸರಿಹೋದೀತೆಂದು ಅಪ್ಪಯ್ಯ ಹೇಳಿದರು, ಮಾಡಿದೆವು, ದಾರ ಅದೇ ಅರ್ಧ ಮೀಟರನ್ನೇ ತೋರಿಸಿತು. ನನಗೆ ಭೂತ ಹಿಡಿದಂತಾಯಿತು. ಇತ್ತೀಚೆಗೆ ನಮ್ಮ ಗಣಿತದ ಸಹೋದ್ಯೋಗಿಯೊಬ್ಬರು ವಿವರಿಸಿದರು: ವರ್ತುಲ ಎಷ್ಟೇ ದೊಡ್ಡದಾಗಲಿ, ವ್ಯತ್ಯಾಸವು ಎರಡು ಜಾಡುಗಳ ನಡುವಣ ಅಂತರದ ಆರೂಕಾಲು ಪಾಲಿಗಿಂತ ತುಸು ಹೆಚ್ಚು, ಅಷ್ಟೇ; ಅಂತರ ಎಂಟು ಸೆಂಟಿಮೀಟರಾದರೆ ವ್ಯತ್ಯಾಸ ಐವತ್ತು. ಅಣ್ಣನ ವಾದ ಬೇರೆಯೇ: “ಒಳಗಿನದು ಗಿಡ್ಡ, ಒಪ್ಪಿದೆ. ತಿರುವು ಎಷ್ಟು ಬಿಗಿ ನೋಡಿದ್ಯಾ? ಹೊರಗಿನವ ಜೋರಾಗಿ ಹೋಗಬಹುದು, ಒಳಗಿನವ ಹೋದರೆ ಬಿದ್ದ.” ನಾನು ಆ ಮಾತನ್ನು ನಂಬಲಿಲ್ಲ.

ಅವನಲ್ಲಿ ಇನ್ನೊಂದು ತಂತ್ರವಿತ್ತು. ಇಬ್ಬರಿಗೂ ವಿದ್ಯುತ್ತು ಒಂದೇ ಟ್ರಾನ್ಸ್‌ಫಾರ್ಮರಿನಿಂದ ತಾನೇ ಬರಬೇಕು? ಒಬ್ಬನು ಥಟ್ಟನೆ ಬೆರಳು ಬಿಟ್ಟರೆ ಇನ್ನೊಬ್ಬನ ಕಾರಿಗೆ ತುಸು ಹೆಚ್ಚು ಬಲ ಬಂದು ಅದು ಮುನ್ನುಗ್ಗುತ್ತದೆ. ನಾನು ಬಿಗಿಯಾದ ತಿರುವಿಗೆ ಬಂದ ಗಳಿಗೆ ನೋಡಿ ಅಣ್ಣ ತನ್ನ ಗುಂಡಿಯನ್ನು ಬಿಡುತ್ತಿದ್ದನು. ನನ್ನ ಕಾರು ಹಾರುತ್ತಿತ್ತು. ತಾನು ಏನೂ ಮಾಡಲಿಲ್ಲವೆಂದು ಅವನು ದೇವರ ಮೇಲೆ ಆಣೆಯಿಡಬಹುದಾಗಿತ್ತು. ನಿಜಕ್ಕೂ ಅವನು ಏನೂ ಮಾಡಿರಲಿಲ್ಲ!

ಆಟದ ಹುಟ್ಟಿನ ಕಥೆಯೂ ಸ್ವಾರಸ್ಯವಾಗಿದೆ. ಫ್ರೆಡ್ ಫ್ರಾನ್ಸಿಸ್ ಎಂಬ ಇಂಗ್ಲಿಷಿನವನು ತನ್ನ ಮಿನಿಮಾಡೆಲ್ಸ್ ಕಾರ್ಖಾನೆಯಲ್ಲಿ 1952ರಿಂದ ಸ್ಪ್ರಿಂಗಿನಿಂದ ಓಡುವ ತಗಡಿನ ಕಾರುಗಳನ್ನು ಮಾಡುತ್ತಿದ್ದನು. ಸ್ಕೇಲೆಕ್ಸ್ ಎಂದು ಅವುಗಳ ಹೆಸರು. ಸ್ಪ್ರಿಂಗಿನ ಕಾರನ್ನು ಬಿಟ್ಟ ಮೇಲೆ ಮಗು ಮಾಡುವುದೇನು? ನೋಡುತ್ತ ನಿಲ್ಲುವುದು. ಓಡುವ ಕಾರಿನ ಮೇಲೆ ಆಡುವವನ ಕೈ ಇರಬೇಕೆಂದು ಫ್ರಾನ್ಸಿಸ್ ಜಾಡು ಕೊರೆದ ಹಾದಿಯನ್ನೂ ವಿದ್ಯುತ್ತಿನ ಮೋಟಾರನ್ನೂ ಸೇರಿಸಿದನು. ಹೆಸರಿಗೂ ಎಲೆಕ್ಟ್ರಿಕ್ಕಿನ ಬಾಲ ಸೇರಿ ಸ್ಕೇಲೆಕ್ಸ್‌ಟ್ರಿಕ್ ಆಯಿತು. 1957ರ ಜನವರಿಯಲ್ಲಿ ಹ್ಯಾರೊಗೇಟಿನ ಆಟಿಕೆಗಳ ಮೇಳದಲ್ಲಿ ಅದನ್ನು ತೋರಿಸಿದಾಗ ಹಾದಿ ರಬ್ಬರಿನದಾಗಿತ್ತು, ಕಾರು ತಗಡಿನದು. ಬೇಡಿಕೆ ಎಷ್ಟು ಬಂತೆಂದರೆ ಪೂರೈಸಲಾರದೆ ಮರುವರ್ಷವೇ ಆತನು ಉದ್ಯಮವನ್ನು ಲೈನ್ಸ್ ಬ್ರದರ್ಸ್ ಎಂಬ ದೊಡ್ಡ ಕಂಪನಿಗೆ ಮಾರಿದನು. ಅಮೆರಿಕದಲ್ಲಿ ಈ ಗೀಳು 1960ರ ದಶಕದ ನಡುವೆ ಊರೂರಿಗೆ ಹಬ್ಬಿ, ಬಾಡಿಗೆ ಕೊಟ್ಟು ಆಡುವ ಅಂಗಡಿಗಳೇ ತೆರೆದು, ದಶಕ ಮುಗಿಯುವುದರೊಳಗೆ ಇಳಿದೂ ಹೋಯಿತು. ಆದರೂ ಆಟ ಸಾಯಲಿಲ್ಲ. 2009ರಲ್ಲಿ ಬ್ರೂಕ್‌ಲ್ಯಾಂಡ್ಸ್ ಎಂಬಲ್ಲಿ, 1907ರಲ್ಲಿ ಕಟ್ಟಿದ ನಿಜವಾದ ಮೋಟಾರು ಪಂದ್ಯದ ದಾರಿಯನ್ನೇ ಅನುಸರಿಸಿ, ಸುಮಾರು ಮೂರು ಮೈಲಿ ಉದ್ದದ ಆಟಿಕೆಯ ಹಾದಿಯನ್ನು ಜೋಡಿಸಿ ಓಡಿಸಿದರಂತೆ. ಈಗಿನ ಕಾರುಗಳು ಜಾಡಿನಿಂದ ಜಾಡಿಗೆ ಹಾರಲೂ ಬಲ್ಲವು. ನನಗೆ ಅದು ಬೇಡ. ಜಾಡು ಬದಲಿಸಬಹುದಾದರೆ ಜಗಳವಾದರೂ ಯಾತಕ್ಕೆ?

ಅಪ್ಪಯ್ಯ ತೀರಿಕೊಂಡು ಆರು ವರ್ಷವಾಯಿತು. ಮರುವರ್ಷ ಪಾಲಾಯಿತು. ಮೇಲಿನ ತೋಟ ನನಗೆ, ಕೆಳಗಿನ ತೋಟವೂ ಮನೆಯೂ ಅಣ್ಣನಿಗೆ. ಬೇಸಗೆಯಲ್ಲೂ ನೀರು ಆರದ, ಗೊನೆ ತುಂಬಿ ತೂಗುವ ಕೆಳಗಿನ ತೋಟ ಅವನಿಗೆ ಹೋದದ್ದು ನನ್ನ ಎದೆಯಲ್ಲಿ ಮುಳ್ಳಾಯಿತು. ಒಳಜಾಡು ಮತ್ತೆ ಅವನದೇ ಎನಿಸಿತು. ಪಂಚಾಯಿತಿಗೆ ಕುಳಿತ ಹಿರಿಯರೊಬ್ಬರು ಹಂಡೆ, ಕೊಪ್ಪರಿಗೆ, ಒನಕೆಗಳನ್ನೆಲ್ಲ ಬರೆಸಿ ಮುಗಿಸುವಾಗ ಅಟ್ಟದ ಮೇಲಿನ ಈ ಪೆಟ್ಟಿಗೆ ಕಣ್ಣಿಗೆ ಬಿದ್ದು, “ಇದು ಎಂತದು?” ಎಂದರು. ಇಬ್ಬರೂ ಮಾತಾಡಲಿಲ್ಲ. ಅಣ್ಣನು ಟ್ರಾನ್ಸ್‌ಫಾರ್ಮರನ್ನೂ ಹಸುರು ಕಾರನ್ನೂ ಎತ್ತಿಕೊಂಡನು. ಹಾದಿಯ ತುಂಡುಗಳೂ ಕೆಂಪು ಕಾರೂ ನನ್ನ ಪಾಲಿಗೆ ಉಳಿದವು. ಗುಂಡಿ ತಲಾ ಒಂದು. ಇಬ್ಬರು ಬುದ್ಧಿವಂತರು ಸೇರಿ ಒಂದು ಆಟವನ್ನು ಯಾರಿಗೂ ಬಾರದಂತೆ ಹಂಚಿಕೊಂಡದ್ದು ಹೀಗೆ. ಆಮೇಲೆ ವರ್ಷಕ್ಕೊಮ್ಮೆ ಅಪ್ಪಯ್ಯನ ತಿಥಿಗೆ ಹೋಗುತ್ತಿದ್ದೆ. ಅಲ್ಲಿ ನಮ್ಮಿಬ್ಬರ ನಡುವಣ ಮಾತುಕತೆಯೆಲ್ಲ ಪುರೋಹಿತರ ಮೂಲಕ ನಡೆಯುತ್ತಿತ್ತು.

ಈ ಚಳಿಗಾಲದಲ್ಲಿ ನನ್ನ ಏಳು ವರ್ಷದ ಮಗಳು ಪೆಟ್ಟಿಗೆಯನ್ನು ಕಪಾಟಿನ ತಲೆಯಿಂದ ಕೆಳಗಿಳಿಸಿದಳು. ಉಕ್ಕಿನ ಪಟ್ಟಿಗಳಿಗೆಲ್ಲ ತುಕ್ಕು. ಕಾರಿನ ಜಡೆಗಳು ಕೆದರಿ ಹಕ್ಕಿಗೂಡಾಗಿದ್ದವು. ವಿಷಯ ಆಗ ತಿಳಿಯಿತು. ಈ ಆಟದ ಶತ್ರು ತೇವ. ತುಕ್ಕಿನ ಮೇಲೆ ವಿದ್ಯುತ್ತು ಹರಿಯದು. ಬಾಲ್ಯದಲ್ಲಿ ನಮ್ಮ ಕಾರುಗಳು ನಡುನಡುವೆ ಮುಗ್ಗರಿಸುತ್ತಿದ್ದದ್ದಕ್ಕೆ ವೋಲ್ಟೇಜೊಂದೇ ಕಾರಣವಲ್ಲ. ನಾವು ಮಳೆಗಾಲದ್ದೆಂದು ತಿಳಿದ ಆಟ ಮಲೆನಾಡಿನಲ್ಲಿಯೂ ಚಳಿಗಾಲದ್ದೇ. ಬೆಳಗಿನ ಮಂಜು ಕರಗಿ ಒಣಬಿಸಿಲು ಬಿದ್ದ ಮೇಲೆ ನವುರಾದ ಉಜ್ಜುಕಾಗದದಿಂದ ಪಟ್ಟಿಗಳನ್ನು ಉಜ್ಜಿ, ಹೊಲಿಗೆ ಯಂತ್ರದ ಎಣ್ಣೆಯನ್ನು ಬಟ್ಟೆಗೆ ತೋರಿಸಿ ಒರೆಸಿದೆ. ಜಡೆಗಳನ್ನು ಬಾಚಿ ಚಪ್ಪಟೆ ಮಾಡಿದೆ. ವಿದ್ಯಾರ್ಥಿ ಬಂದದ್ದು ಈ ಹಂತದಲ್ಲಿ.

ಟ್ರಾನ್ಸ್‌ಫಾರ್ಮರು ಇರಲಿಲ್ಲವಲ್ಲ! ಅಣ್ಣನನ್ನು ಕೇಳುವುದಕ್ಕಿಂತ ನರಸಿಂಹರಾಜಪುರಕ್ಕೆ ಹೋಗುವುದು ಸುಲಭವೆಂದು ತೋರಿತು. ಎಡೆಹಳ್ಳಿಯೆಂಬ ಹಳೆಯ ಹೆಸರಿನ ಆ ಊರಿಗೆ ಜಾಡಿನ ಬಂಡಿ ಹೊಸತೇನಲ್ಲ. ಒಂದು ಕಾಲದಲ್ಲಿ ತರೀಕೆರೆಯಿಂದ ಅಲ್ಲಿಗೆ ಎರಡೇ ಅಡಿ ಅಗಲದ ಹಳಿಗಳ ಮೇಲೆ ಕಾಡಿನ ನಡುವೆ ಟ್ರಾಂ ಓಡುತ್ತಿತ್ತು. ಅಲ್ಲಿನ ರೇಡಿಯೋ ರಿಪೇರಿಯವರು ಕಾರನ್ನು ಹಿಂದೆಮುಂದೆ ತಿರುಗಿಸಿ ನೋಡಿ, ಒಂದು ಅಡಾಪ್ಟರಿಗೆ ತಂತಿ ಬೆಸೆದುಕೊಟ್ಟು, ಧನ ಋಣಗಳು ಅದಲುಬದಲಾದರೆ ಕಾರು ಹಿಂದಕ್ಕೋಡುವುದೆಂದು ಎಚ್ಚರಿಸಿದರು.

ರಾತ್ರಿ ಕೆಂಪು ಕಾರು ಓಡಿತು. ಮಗಳು ಚಪ್ಪಾಳೆ ತಟ್ಟಿದಳು. ಹತ್ತು ಸುತ್ತು ಓಡಿತು, ಇಪ್ಪತ್ತು ಸುತ್ತು ಓಡಿತು. ಪಕ್ಕದ ಜಾಡು ಬರಿದಾಗಿತ್ತು. “ಅಪ್ಪಾ, ಇದರ ಜೊತೆ ಯಾರು ಓಡ್ತಾರೆ?” ಎಂದಳು. ಇನ್ನೊಂದು ಕಾರು ದೊಡ್ಡಪ್ಪನ ಮನೆಯಲ್ಲಿದೆ ಎಂದೆ. “ಮತ್ತೆ ತರಬಹುದಲ್ಲ?” ಎಂದಳು. ಮಕ್ಕಳಿಗೆ ಪಾಲುಪತ್ರ ಓದಲು ಬರುವುದಿಲ್ಲ.

ಮುಂದಿನ ಶನಿವಾರ ಹಾದಿಯ ತುಂಡುಗಳನ್ನು ಗೋಣಿಚೀಲಕ್ಕೆ ತುಂಬಿ, ಮಗಳ ಕೈ ಹಿಡಿದು, ಹರಿಹರಪುರದ ಮೇಲಿನ ಬಸ್ಸು ಹತ್ತಿದೆ. ಮನೆ ತಲಪಿದಾಗ ಕತ್ತಲೆಯಾಗಿತ್ತು. ಅಡಿಕೆ ಕೊಯ್ಲಿನ ಕಾಲ. ಜಗುಲಿಯಲ್ಲಿ ಸುಲಿತ ನಡೆದಿರಬೇಕು. ಹಿಂದೆಲ್ಲ ಈ ಹೊತ್ತಿಗೆ ಹತ್ತು ಹನ್ನೆರಡು ಮೆಟ್ಟುಗತ್ತಿಗಳು ಸಾಲಾಗಿ ಕುಳಿತು, ರಾಶಿಯ ಹಿಂದೆ ಆಚೆ ಕುಳಿತವರ ಮುಖವೇ ಕಾಣುತ್ತಿರಲಿಲ್ಲ. ಅಂದು ಇದ್ದದ್ದು ಮೂರು ಕತ್ತಿ: ಅಣ್ಣ, ಅತ್ತಿಗೆ, ಪಕ್ಕದ ಮನೆಯ ಒಬ್ಬ ಅಜ್ಜಿ. ನಡುವಣ ರಾಶಿ ಮೊಣಕಾಲೆತ್ತರವೂ ಇರಲಿಲ್ಲ.

ಕೆಳಗಿನ ತೋಟಕ್ಕೆ ಹಳದಿ ಎಲೆ ರೋಗ ಬಂದಿತ್ತು. ಶೃಂಗೇರಿ, ಕೊಪ್ಪ, ನರಸಿಂಹರಾಜಪುರಗಳ ಸೀಮೆಯಲ್ಲಿ ದಶಕಗಳಿಂದ ತೋಟಗಳನ್ನು ತಿನ್ನುತ್ತಿರುವ ಈ ರೋಗದ ಲಕ್ಷಣವನ್ನು ಯಾರೂ ನನಗೆ ವಿವರಿಸಬೇಕಾಗಿಲ್ಲ: ಸೋಗೆಯ ತುದಿಯಿಂದ ಹಳದಿ ಇಳಿಯುತ್ತದೆ, ಮಂಡೆ ಸಣ್ಣದಾಗುತ್ತದೆ, ಕಾಯಿ ಉದುರುತ್ತದೆ, ಸುಲಿದರೆ ಒಳಗೆ ಕಪ್ಪು. ಗುಣಪಡಿಸುವ ಮದ್ದಿಲ್ಲ. ತಿಥಿಗೆ ಬಂದಾಗೆಲ್ಲ ನಾನು ಅಂಗಳದಿಂದಲೇ ಹಿಂತಿರುಗಿದ್ದೆ. ತೋಟಕ್ಕೆ ಇಳಿದು ನೋಡಿರಲಿಲ್ಲ. ಮೇಲಿನ ನನ್ನ ತೋಟಕ್ಕೆ ರೋಗ ಇನ್ನೂ ಹತ್ತಿಲ್ಲ. ಅದನ್ನು ಚೇಣಿಗೆ ಕೊಟ್ಟು ನಾನು ಕೊಪ್ಪದಲ್ಲಿ ಸಂಬಳವನ್ನೂ ಎಣಿಸುತ್ತಿದ್ದೆ.

“ಬಂದ್ಯಾ? ಕೈಕಾಲು ತೊಳ್ಕೊ” ಎಂದನು ಅಣ್ಣ, ಕತ್ತಿಯಿಂದ ಕಣ್ಣೆತ್ತದೆ. ಸ್ವಲ್ಪ ಹೊತ್ತಾದ ಮೇಲೆ, “ಆ ಚೀಲದಲ್ಲಿ ಎಂತ?” ಎಂದನು. ನಾನು ಹೇಳುವ ಮೊದಲೇ ಮಗಳು ಚೀಲವನ್ನು ಬುಡಮೇಲು ಮಾಡಿದ್ದಳು.

ಅಣ್ಣ ಎದ್ದು ಹೋದನು. ಕೊಟ್ಟಿಗೆಯ ದೀಪ ಆರಿತು. ನಮ್ಮ ಟ್ರಾನ್ಸ್‌ಫಾರ್ಮರು ಇಷ್ಟು ವರ್ಷ ಅಲ್ಲಿ ದನಗಳಿಗೆ ಹನ್ನೆರಡು ವೋಲ್ಟಿನ ಪುಟ್ಟ ಬಲ್ಬನ್ನು ಉರಿಸುತ್ತಿತ್ತಂತೆ. ಹಸುರು ಕಾರು ದೇವರ ಮನೆಯ ಕಪಾಟಿನಲ್ಲಿ, ಹಳೆಯ ಪಂಚಾಂಗಗಳ ಹಿಂದಿನಿಂದ ಹೊರಬಂತು. ಹಿಂದಿನ ಟೈರುಗಳು ಕಲ್ಲಾಗಿದ್ದವು. ಅಜ್ಜಿಯನ್ನು ಮನೆಗೆ ಕಳಿಸಿ ಊಟ ಮುಗಿಸುವಾಗ ಹತ್ತೂವರೆ.

ನಾನು ಮೊಟ್ಟೆಯಾಕಾರಕ್ಕೆ ಜೋಡಿಸಹೊರಟೆ. ಅಣ್ಣ ತುಂಡನ್ನು ಕೈಯಿಂದ ತೆಗೆದುಕೊಂಡು, “ಬೇಡ. ಎಂಟು ಹಾಕುವ” ಎಂದನು. ಹಾದಿಯನ್ನು ಎಂಟರ ಅಂಕಿಯಂತೆ ಹೆಣೆದರೆ ಒಂದು ಸುತ್ತಿನಲ್ಲಿ ಒಳಗಿದ್ದ ಜಾಡು ಇನ್ನೊಂದು ಸುತ್ತಿನಲ್ಲಿ ಹೊರಗಾಗುತ್ತದೆ. ಎರಡರ ಉದ್ದವೂ ಸಮ. ಇಷ್ಟು ಸರಳವಾದದ್ದು ಹನ್ನೊಂದನೆಯ ವಯಸ್ಸಿನಲ್ಲಿ ನನಗೇಕೆ ಹೊಳೆಯಲಿಲ್ಲ? ಅವನಿಗೆ ಹೊಳೆದಿತ್ತೇ? ಕೇಳಲಿಲ್ಲ. ನಡುವೆ ಹಾದಿ ಹಾದಿಯನ್ನು ದಾಟಲು ಸೇತುವೆ ಬೇಕು. ಅದರ ಕಂಬಗಳು ಎಂದೋ ಕಳೆದುಹೋಗಿದ್ದವು. ಅತ್ತಿಗೆ ಕಣಜದ ಕೋಣೆಯಿಂದ ಪಾವು, ಅಚ್ಚೇರು, ಸೇರುಗಳನ್ನು ತಂದು ಸಾಲಾಗಿ ಇಟ್ಟರು. ಏರುದಾರಿಗೆ ಅವುಗಳಿಗಿಂತ ಒಪ್ಪುವ ಕಂಬಗಳನ್ನು ಯಾವ ಇಂಗ್ಲಿಷಿನವನೂ ಮಾಡಲಾರ.

ಹತ್ತು ಸುತ್ತಿನ ಪಂದ್ಯ. ಅಣ್ಣನ ಬೆರಳು ಮರೆತಿರಲಿಲ್ಲ. ಜಾರುವ ಟೈರಿಟ್ಟುಕೊಂಡೂ ತಿರುವಿಗೆ ಮೊದಲೇ ಹದವಾಗಿ ಸಡಿಲಿಸುತ್ತಿದ್ದನು. ಒಂಬತ್ತನೆಯ ಸುತ್ತಿನಲ್ಲಿ ನಾನು ಒಂದು ಕಾರಿನುದ್ದ ಮುಂದಿದ್ದೆ. ಸೇತುವೆಯಿಳಿದು ತಿರುವಿಗೆ ಬರುತ್ತಿದ್ದಂತೆ ನನ್ನ ‘ಸಹಕಾರ’ ಏಕಾಏಕಿ ಮುನ್ನುಗ್ಗಿ, ಹಾರಿ, ಅಡಿಕೆ ಸಿಪ್ಪೆಯ ರಾಶಿಯಲ್ಲಿ ಮೂತಿ ಹುದುಗಿಸಿತು. ತಿರುಗಿ ನೋಡಿದೆ. ಅಣ್ಣನ ಹೆಬ್ಬೆರಳು ಗುಂಡಿಯ ಮೇಲಿರಲಿಲ್ಲ.

“ನಾನೆಂತ ಮಾಡ್ದೆ?” ಎಂದನು. ಅವನು ನಗುವುದನ್ನು ಕೇಳಿ ಐದು ವರ್ಷವಾಗಿತ್ತು.

ಎರಡನೆಯ ಪಂದ್ಯದ ನಡುವೆ ಕರೆಂಟು ಹೋಯಿತು. ಮಗಳು ಅತ್ತಿಗೆಯ ಮಡಿಲಲ್ಲಿ ನಿದ್ದೆ ಹೋಗಿದ್ದಳು. ಕತ್ತಲೆಯಲ್ಲಿ ಇಬ್ಬರೂ ಗುಂಡಿ ಹಿಡಿದುಕೊಂಡೇ ಕುಳಿತಿದ್ದೆವು. ಚಳಿ ಬಾಗಿಲಡಿಯಿಂದ ಬರುತ್ತಿತ್ತು.

“ಮೇಲಿನ ತೋಟ ಚೇಣಿಯವರು ಸರಿ ನೋಡ್ಕೊಳ್ತಾರಾ?”

“ಈ ವರ್ಷಕ್ಕೆ ಮುಗೀತು” ಎಂದೆ. “ಮುಂದಿನ ಕೊಯ್ಲಿನಿಂದ ನೀನೇ ನೋಡ್ಕೊ. ಲೆಕ್ಕ ಆಮೇಲೆ ಮಾಡುವ.”

ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಕರೆಂಟು ಬರಲಿ” ಎಂದನು.

ಹಾದಿಯ ತುಂಡುಗಳನ್ನು ಅಲ್ಲಿಯೇ ಬಿಟ್ಟು ಬಂದಿದ್ದೇನೆ, ಜಗುಲಿ ಅಗಲವಾಗಿದೆ. ಕೊಟ್ಟಿಗೆಯ ದೀಪಕ್ಕೆ ನನ್ನ ಅಡಾಪ್ಟರನ್ನು ಕೊಟ್ಟದ್ದಾಯಿತು. ಹಸುರು ಕಾರಿನ ಚಕ್ರಗಳನ್ನು ಕಿಸೆಯಲ್ಲಿಟ್ಟುಕೊಂಡು ಬಂದು ನರಸಿಂಹರಾಜಪುರದ ರೇಡಿಯೋದವರಿಗೆ ತೋರಿಸಿದೆ. ಹಳೆಯ ಸೈಕಲ್ ಟ್ಯೂಬಿನಿಂದ ಎರಡು ಬಳೆ ಕತ್ತರಿಸಿ ಹಾಕಿಕೊಡುತ್ತಾರಂತೆ. ಗುರುವಾರ ಬನ್ನಿ ಎಂದಿದ್ದಾರೆ.